ತಗಡಿನ ಒಳಮೈ

ಹಳೆಯ ಅಂಬಾಸಿಡರ್ ಕಾರಿನ ಸ್ಥಿತಿ ತಿಳಿಯಬೇಕಾದರೆ ಬಾನೆಟ್ ಎತ್ತಿ ನೋಡಿದರೆ ಸಾಲದು, ನೆಲಕ್ಕೊಂದು ಗೋಣಿಚೀಲ ಹಾಸಿಕೊಂಡು ಅಡಿಯಲ್ಲಿ ಮಲಗಬೇಕು. ಎಂಜಿನ್ ಕೆಟ್ಟರೆ ಸದ್ದು ಮಾಡುತ್ತದೆ, ಹೊಗೆ ಬಿಡುತ್ತದೆ, ಒಂದು ದಿನ ನಡುರಸ್ತೆಯಲ್ಲಿ ನಿಂತು ತನ್ನ ಕಷ್ಟ ಹೇಳಿಕೊಳ್ಳುತ್ತದೆ. ತಗಡು ಏನನ್ನೂ ಹೇಳಿಕೊಳ್ಳುವುದಿಲ್ಲ. ಬಾಗಿಲುಗಳ ಕೆಳಗೆ ಉದ್ದಕ್ಕೂ ಹೋಗುವ, ನಮ್ಮ ಕಡೆಯ ಗ್ಯಾರೇಜುಗಳಲ್ಲಿ ರನ್ನಿಂಗ್ ಬೋರ್ಡ್ ಎಂದೇ ಕರೆಯುವ ಪೆಟ್ಟಿಗೆಯಂಥ ಭಾಗ ಒಳಗೊಳಗೇ ಕರಗಿ ಹೋಗಿದ್ದರೂ ಹೊರಗೆ ಬಣ್ಣ ಫಳಫಳ ಹೊಳೆಯುತ್ತಿರುತ್ತದೆ. ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟುತ್ತ ಹೋಗಬೇಕು. ಗಟ್ಟಿ ತಗಡು ಠಣ್ ಎನ್ನುತ್ತದೆ. ತುಕ್ಕು ತಿಂದಲ್ಲಿ ಸದ್ದು ಮಂಕಾಗುತ್ತದೆ. ಪುಟ್ಟಿ ಮೆತ್ತಿದ ಜಾಗದಲ್ಲಿ ಸದ್ದು ಸತ್ತೇ ಹೋಗಿರುತ್ತದೆ. ಆಗಲೂ ಅನುಮಾನ ಉಳಿದರೆ ಒಂದು ಅಯಸ್ಕಾಂತ ಹಿಡಿದು ನೋಡಬಹುದು. ಪುಟ್ಟಿ ದಪ್ಪಗಿರುವಲ್ಲಿ ಅದು ಅಂಟದೆ ಜಾರಿ ಕೆಳಗೆ ಬೀಳುತ್ತದೆ.

ನಮ್ಮ ಮನೆಯ ಕಾರು ಮಾರ್ಕ್ 2, 1972ರದು. ಹೊನ್ನಾಳಿ ಆಗ ಶಿವಮೊಗ್ಗ ಜಿಲ್ಲೆಗೆ ಸೇರಿತ್ತು. 1997ರ ಆಗಸ್ಟ್‌ನಲ್ಲಿ ದಾವಣಗೆರೆ ಜಿಲ್ಲೆ ಹುಟ್ಟಿದಾಗ ಊರು ಅತ್ತ ಹೋಯಿತು, ಕಾರಿನ ಆರ್‌ಸಿ ಪುಸ್ತಕದಲ್ಲಿ ಮಾತ್ರ ಶಿವಮೊಗ್ಗವೇ ಉಳಿಯಿತು. ನಮ್ಮ ಚಿಕ್ಕಪ್ಪನವರು ಅದರಲ್ಲಿ ಏನೇನು ಹೇರಲಿಲ್ಲ? ನ್ಯಾಮತಿ, ಚನ್ನಗಿರಿ ಕಡೆಯ ಮದುವೆ ದಿಬ್ಬಣ, ರಾತ್ರೋರಾತ್ರಿ ಶಿವಮೊಗ್ಗದ ಆಸ್ಪತ್ರೆಗೆ ಸಾಗಿಸಿದ ಬಸುರಿಯರು, ಭದ್ರಾ ನಾಲೆಯ ಗದ್ದೆಗೆ ಗೊಬ್ಬರ, ತೋಟಕ್ಕೆ ಮೈಲುತುತ್ತ, ಸಂತೆಯ ಸಾಮಾನು. ಕಾರು ಎಂದರೆ ನಮ್ಮ ಸೀಮೆಯಲ್ಲಿ ಬಹುಕಾಲ ಇದೇ ಆಗಿತ್ತು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಅಚ್ಚುಗಳು ಕಲ್ಕತ್ತದ ಬಳಿಯ ಉತ್ತರಪಾರಾಕ್ಕೆ ಬಂದು, 1950ರ ದಶಕದ ಕೊನೆಯಿಂದ 2014ರ ಮೇವರೆಗೆ ಹಿಂದೂಸ್ತಾನ್ ಮೋಟಾರ್ಸ್ ಹೆಚ್ಚುಕಡಿಮೆ ಅದೇ ಆಕಾರದಲ್ಲಿ ಈ ಕಾರನ್ನು ತಯಾರಿಸಿತು. ಕಾಲ ಕಳೆದಂತೆ ಚಿಕ್ಕಪ್ಪನವರ ಕೈ ನಡುಗತೊಡಗಿತು. ಕಾರು ಕಣದ ಪಕ್ಕದ ಶೆಡ್ಡು ಸೇರಿತು, ಅದರ ಮೇಲೆ ನೀಲಿ ತಾಡಪಾಲು ಬಂತು.

ಈ ಕಾರಿನ ತಗಡು ಬದಲಿಸುವ ಕೆಲಸ ಶುರುವಾದ ಮೇಲೆ ನಾನು ತುಕ್ಕಿನ ಬಗ್ಗೆ ಯೋಚಿಸುವುದು ಹೆಚ್ಚಾಯಿತು. ಮಳೆಗೆ ನಿಂತ ಕಾರು ಹಾಳಾಗುತ್ತದೆ ಎನ್ನುವುದು ಎಲ್ಲರ ತಿಳಿವಳಿಕೆ. ಆದರೆ ಮಳೆ ನೇರವಾಗಿ ಬಡಿಯುವ ಟಾಪು ಐವತ್ತು ವರ್ಷದ ನಂತರವೂ ನಮ್ಮ ಕಾರಿನಲ್ಲಿ ಗಟ್ಟಿಯಾಗಿದೆ. ಅಲ್ಲಿ ಬಿದ್ದ ನೀರು ಹರಿದು ಹೋಗುತ್ತದೆ, ಬಿಸಿಲು ಬಂದರೆ ಒಣಗುತ್ತದೆ. ತುಕ್ಕು ಹಿಡಿದದ್ದೆಲ್ಲ ನೀರು ಒಳಬರಲು ದಾರಿ ಇದ್ದು, ಹೊರಹೋಗಲು ದಾರಿ ಮುಚ್ಚಿದ ಜಾಗಗಳಲ್ಲಿ.

ಬಾಗಿಲನ್ನೇ ನೋಡಿ. ಗಾಜಿನ ಪಕ್ಕದ ಬೀಡಿಂಗ್ ದಾಟಿ ಮಳೆನೀರು ಬಾಗಿಲಿನೊಳಕ್ಕೆ ಇಳಿಯುತ್ತದೆಂದು ಅದನ್ನು ಮಾಡಿದವರಿಗೆ ಗೊತ್ತಿತ್ತು. ಅದಕ್ಕೇ ಬಾಗಿಲಿನ ಕೆಳ ಅಂಚಿನಲ್ಲಿ ನೀರುಗಂಡಿಗಳನ್ನು ಬಿಟ್ಟಿದ್ದಾರೆ. ಎಲ್ಲ ಕಾರುಗಳಲ್ಲೂ ಇವೆ. ಕಾರಿಗೆ ಹೊಸ ಬಣ್ಣ ಹೊಡೆಸುವಾಗ ಆ ಗಂಡಿಗಳು ಪುಟ್ಟಿ, ಬಣ್ಣದಡಿ ಮುಚ್ಚಿಹೋಗುತ್ತವೆ. ಚಕ್ರದ ಮೇಲಿನ ಮಡ್‌ಗಾರ್ಡಿನ ಒಳಮೂಲೆಯಲ್ಲಿ ಗದ್ದೆಯ ಎರೆಮಣ್ಣು ಗಟ್ಟಿಯಾಗಿ ಕೂತರೆ ಚಳಿಗಾಲ ಕಳೆದರೂ ಅದರ ತೇವ ಆರುವುದಿಲ್ಲ. ಮುಂಗಾಜಿನ ರಬ್ಬರು ಸೀಳಿದಲ್ಲಿ ನೀರು ಇಳಿದು, ರಬ್ಬರ್ ಮ್ಯಾಟಿನಡಿಯ ನಾರಿನ ಹಾಸು ಅದನ್ನು ಕುಡಿದು, ಫ್ಲೋರಿನ ತಗಡು ತಿಂಗಳುಗಟ್ಟಲೆ ಒದ್ದೆಯಲ್ಲೇ ಕೂರುತ್ತದೆ. ಕಬ್ಬಿಣ, ನೀರು, ಗಾಳಿ ಸೇರಿ ಆಗುವ ತುಕ್ಕು ಮೂಲ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಬೇಡುತ್ತದೆ. ಆದ್ದರಿಂದಲೇ ಒಂದರ ಮೇಲೊಂದು ಕೂರಿಸಿ ಸ್ಪಾಟ್ ವೆಲ್ಡ್ ಮಾಡಿದ ಎರಡು ತಗಡುಗಳ ನಡುವೆ ಅದು ಹುಟ್ಟಿದರೆ ಜೋಡಣೆಯನ್ನೇ ಸೀಳುತ್ತದೆ. ಅಲ್ಯುಮಿನಿಯಂ ಮೇಲೆ ಕೂರುವ ಆಕ್ಸೈಡು ಒಳಗಿನ ಲೋಹವನ್ನು ಕಾಯುತ್ತದೆ. ಕಬ್ಬಿಣದ ತುಕ್ಕು ಸಡಿಲ, ರಂಧ್ರಮಯ. ತೇವವನ್ನು ಹಿಡಿದಿಟ್ಟುಕೊಂಡು ಇನ್ನಷ್ಟು ತಿನ್ನಲು ದಾರಿ ಮಾಡಿಕೊಡುತ್ತದೆ.

ಡಿಕ್ಕಿಯದು ನಮ್ಮ ಸೀಮೆಯದೇ ಆದ ಕಥೆ. ಅಡಿಕೆಗೆ ಕೊಳೆರೋಗ ಬರದಂತೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣದ ಲೆಕ್ಕ. ಸುಣ್ಣ ಸಾಕಾಯಿತೇ ಎಂದು ತಿಳಿಯಲು ತೋಟದವರು ಕಬ್ಬಿಣದ ಚಾಕುವನ್ನು ದ್ರಾವಣದಲ್ಲಿ ಅದ್ದಿ ನೋಡುತ್ತಾರೆ. ಅಲಗಿನ ಮೇಲೆ ಕೆಂಪು ಲೇಪ ಕೂತರೆ ಇನ್ನಷ್ಟು ಸುಣ್ಣ ಬೇಕು. ಆ ಕೆಂಪು ತಾಮ್ರದ್ದು. ತಾಮ್ರ ಬಂದು ಕೂತಷ್ಟಕ್ಕೆ ತಕ್ಕಂತೆ ಅಲಗಿನ ಕಬ್ಬಿಣ ಕರಗಿ ನೀರಿಗಿಳಿದಿರುತ್ತದೆ. ತೋಟದಲ್ಲಿ ಇದನ್ನು ಕಣ್ಣಾರೆ ಕಂಡವರೇ ಒದ್ದೆ ಮೈಲುತುತ್ತದ ಚೀಲವನ್ನು ಕಾರಿನ ಡಿಕ್ಕಿಗೆ ಹಾಕುತ್ತಿದ್ದರು. ಪೊಟ್ಯಾಷ್ ಗೊಬ್ಬರದ್ದೂ ಅಷ್ಟೆ: ಅದು ಪೊಟ್ಯಾಸಿಯಂ ಕ್ಲೋರೈಡ್, ಕಡಲತೀರದ ಕಾರುಗಳನ್ನು ತಿನ್ನುವ ಉಪ್ಪಿನ ಜಾತಿಯದೇ. ಹೊನ್ನಾಳಿಗೆ ಸಮುದ್ರ ದೂರ. ಆದರೂ ನಮ್ಮ ಡಿಕ್ಕಿಯ ನೆಲ ಜರಡಿಯಾಗಿತ್ತು. ಇದನ್ನು ದೂರಿನ ದನಿಯಲ್ಲಿ ಹೇಳುತ್ತಿಲ್ಲ. ಆ ಕಾರು ಬದುಕಿದ್ದೇ ಹಾಗೆ ಹೇರಿಸಿಕೊಂಡು.

ಅದಕ್ಕಿಂತ ಹೆಚ್ಚು ಹಾಳಾದದ್ದು ತಾಡಪಾಲಿನಡಿ. ಮಣ್ಣಿನ ನೆಲದಿಂದ ಏಳುವ ಹಬೆ ಪ್ಲಾಸ್ಟಿಕ್ಕಿನ ಕೆಳಗೆ ಸಿಕ್ಕಿಕೊಂಡು, ಬೆಳಗಿನ ಜಾವದ ತಂಪಿಗೆ ತಗಡಿನ ಮೇಲೆ ಹನಿಯಾಗಿ ಕೂತು, ಮತ್ತೆ ಅಲ್ಲೇ ಸುತ್ತುತ್ತಿತ್ತು. ಜೋಪಾನ ಮಾಡಬೇಕೆಂದು ಹೊದಿಸಿದ ಹೊದಿಕೆಯೇ ತೇವವನ್ನು ಕೂಡಿಟ್ಟಿತು. ಇದಕ್ಕೆ ವಿರುದ್ಧವಾದದ್ದೊಂದು ನಮ್ಮ ಹಳೆಯ ಜಿಲ್ಲೆಯಲ್ಲೇ ಇದೆ. ಕೊಡಚಾದ್ರಿಯ ಮೇಲೆ ಮೂಲ ಮೂಕಾಂಬಿಕೆ ಗುಡಿಯ ಮುಂದೆ ಒಂದು ಕಬ್ಬಿಣದ ಕಂಬ ನಿಂತಿದೆ. ಮಲೆನಾಡಿನ ಅಷ್ಟೂ ಮಳೆ ಅದರ ಮೇಲೆ ಸುರಿದಿದೆ, ಕಂಬ ಕರಗಿಲ್ಲ. ಅದು ಹಳೆಯ ಪದ್ಧತಿಯ ಕುಲುಮೆಯಲ್ಲಿ ಬಡಿದು ಮಾಡಿದ ಕಬ್ಬಿಣವೆಂದು ಲೋಹಶಾಸ್ತ್ರದವರು ಹೇಳುತ್ತಾರೆ, ಗುಟ್ಟು ಮುಖ್ಯವಾಗಿ ಆ ಲೋಹದಲ್ಲೇ ಇದ್ದೀತು. ಆದರೆ ತಗಡಿನ ಕೆಲಸ ನೋಡಿ ಬಂದ ಕಣ್ಣಿಗೆ ಇನ್ನೊಂದೂ ಕಾಣುತ್ತದೆ. ಆ ಕಂಬಕ್ಕೆ ಮಡಿಕೆಯಿಲ್ಲ, ಒಳಗೆ ಟೊಳ್ಳಿಲ್ಲ. ನೀರು ಬಂದರೆ ಇಳಿದು ಹೋಗುತ್ತದೆ, ಗಾಳಿ ಸುತ್ತಲೂ ಆಡುತ್ತದೆ.

ಕೆಲಸಕ್ಕೆ ಸಿಕ್ಕ ಟಿಂಕರ್ ಮೇಸ್ತ್ರಿ ಗ್ಯಾಸ್ ವೆಲ್ಡಿಂಗ್ ಕಲಿತದ್ದು ಹರಿಹರದಲ್ಲಿ, ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ದುಡಿದು ಬಂದವರೊಬ್ಬರ ಕೈಕೆಳಗೆ. 1941ರಲ್ಲಿ ಶುರುವಾದ, ಲೇತ್‌ಗಳಿಗೆ ಹೆಸರಾದ ಆ ಕಾರ್ಖಾನೆ ಮುಚ್ಚಿಹೋಗಿದೆ. ಅಲ್ಲಿಂದ ಹೊರಬಿದ್ದ ಕೈಗೆಲಸ ಮಾತ್ರ ಹೊಳೆಯುದ್ದಕ್ಕೂ ಸಣ್ಣಸಣ್ಣ ಶೆಡ್ಡುಗಳಲ್ಲಿ ಇನ್ನೂ ಅನ್ನ ಕೊಡುತ್ತಿದೆ. ಮೇಸ್ತ್ರಿ ರನ್ನಿಂಗ್ ಬೋರ್ಡಿನ ಮೇಲೆ ಗುಳ್ಳೆಯೆದ್ದ ಬಣ್ಣವನ್ನು ಹೆಬ್ಬೆರಳಲ್ಲಿ ಒತ್ತಿದರು. ಬೆರಳು ಒಳಗೆ ಹೋಯಿತು.

“ತೂತು ಕಂಡಷ್ಟೇ ಇರಲ್ಲ ಸಾರ್. ಬೆರಳು ಹೋಗೋವಷ್ಟು ಹೊರಗೆ ಕಂಡ್ರೆ ಅಂಗೈ ಅಗಲ ಒಳಗೆ ಹೋಗಿರ್ತತಿ. ಈಗ ಹೇಳ್ರಿ, ಮುಚ್ಚಿಕೊಡ್ಲೋ, ಕತ್ತರಿಸಿ ಮಾಡ್ಲೋ?”

ಈ ಪ್ರಶ್ನೆಯನ್ನು ಅವರು ಎಲ್ಲ ಗಿರಾಕಿಗಳಿಗೂ ಕೇಳುತ್ತಾರೆ. ಹೆಚ್ಚಿನವರು ಮುಚ್ಚಿಕೊಡಿ ಎನ್ನುತ್ತಾರೆ. ಅದು ಸುಳ್ಳುತನದಿಂದ ಬಂದ ಉತ್ತರವೆಂದು ನನಗೆ ಅನ್ನಿಸುವುದಿಲ್ಲ. ಮುಚ್ಚುವುದು ಎರಡು ದಿನದ ಕೆಲಸ: ತೂತಿನೊಳಗೆ ಜಾಲರಿ ತುರುಕಿ ಪುಟ್ಟಿ ತುಂಬಿ, ಉಜ್ಜಿ, ಪ್ರೈಮರ್ ಹೊಡೆದರೆ ಆಯಿತು. ಕತ್ತರಿಸಿ ಮಾಡುವುದಕ್ಕೆ ವಾರಗಳು ಬೇಕು, ಹಣವೂ ಹಲವು ಪಟ್ಟು. ಕಾರು ಶೆಡ್ಡಿನಿಂದ ಹೊರಬರುವ ದಿನ ಎರಡೂ ಒಂದೇ ಥರ ಕಾಣುತ್ತವೆ. ಅಪ್ಪಟ ಕೆಲಸಕ್ಕೂ ಹುಸಿ ಕೆಲಸಕ್ಕೂ ಮೇಲೆ ಬೀಳುವ ಬಣ್ಣ ಒಂದೇ. ಗಿರಾಕಿ ಮೆಚ್ಚುವುದು ಆ ಬಣ್ಣವನ್ನು, ಹೊಗಳಿಕೆ ಹೋಗುವುದು ಪೇಂಟರಿಗೆ. ಟಿಂಕರನ ಒಳ್ಳೆಯ ಕೆಲಸ ಎಷ್ಟು ಒಳ್ಳೆಯದೋ ಅಷ್ಟು ಕಣ್ಮರೆಯಾಗುತ್ತದೆ. ಎರಡನೆಯ ಮಳೆಗಾಲದಲ್ಲಿ ಪುಟ್ಟಿಯ ಅಂಚಿನಲ್ಲಿ ಮತ್ತೆ ಗುಳ್ಳೆ ಎದ್ದಾಗಷ್ಟೇ ವ್ಯತ್ಯಾಸ ಬಯಲಾಗುವುದು. ಅಷ್ಟರಲ್ಲಿ ಕಾರು ಕೈ ಬದಲಾಗಿರಬಹುದು. ಪುಟ್ಟಿ ಕೆಟ್ಟ ವಸ್ತುವಲ್ಲ; ಗಟ್ಟಿ ತಗಡಿನ ಮೇಲೆ ಸುತ್ತಿಗೆಯ ಏರಿಳಿತ ಸಮ ಮಾಡಲು ಅದು ಬೇಕೇ ಬೇಕು. ಇಲ್ಲದ ತಗಡಿನ ಜಾಗದಲ್ಲಿ ಅದನ್ನು ನಿಲ್ಲಿಸಿದಾಗ ಮಾತ್ರ ಅದು ಭಾರ ಹೊರುವಂತೆ ನಟಿಸುತ್ತದೆ.

ಅಂಬಾಸಿಡರಿನಲ್ಲಿ ಈ ಭಾರದ ಮಾತು ಮುಖ್ಯ. ಮಹೀಂದ್ರ ಜೀಪಿಗೆ ಕೆಳಗೆ ಬೇರೆಯೇ ಚಾಸಿ ಇದೆ. ಬಾಡಿಯನ್ನು ಬೋಲ್ಟು ಬಿಚ್ಚಿ ಎತ್ತಿಟ್ಟು ಹೊಸದನ್ನು ಕೂರಿಸಿದರೂ ಜೀಪು ಜೀಪಾಗಿಯೇ ಓಡುತ್ತದೆ. ಅಂಬಾಸಿಡರಿಗೆ ಹಾಗೆ ಬೇರ್ಪಟ್ಟ ಚಾಸಿ ಇಲ್ಲ. ಫ್ಲೋರು, ರನ್ನಿಂಗ್ ಬೋರ್ಡು, ಕಂಬಗಳು, ಟಾಪು ಎಲ್ಲ ಸೇರಿಯೇ ಬೆನ್ನೆಲುಬು. ಮುಂದಿನ ಚಕ್ರಗಳ ಭಾರ ಹೊರುವ ಟಾರ್ಷನ್ ಬಾರ್ ಎಂಬ ಉದ್ದನೆಯ ಸಲಾಕೆಗಳು ಹಿಂದಕ್ಕೆ ಬಂದು ಫ್ಲೋರಿನ ಕೆಳಗಿನ ಅಡ್ಡತೊಲೆಯಲ್ಲಿ ಕಚ್ಚಿಕೊಂಡಿವೆ. ಆ ತೊಲೆ ಕೊಳೆತರೆ ಮುಂದಿನ ಚಕ್ರವೇ ತನ್ನ ಹಿಡಿತ ಕಳೆದುಕೊಳ್ಳುತ್ತದೆ. ಹೊಳೆಯುವ ಮಡ್‌ಗಾರ್ಡಿಗೆ ಗಿರಾಕಿ ಕೊಡುವ ಗಮನದಲ್ಲಿ ನಾಲ್ಕಾಣೆಯಷ್ಟಾದರೂ ಅಲ್ಲಿಗೆ ಹೋಗಬೇಕು ಎಂದು ಮೇಸ್ತ್ರಿ ಹೇಳಿದ್ದು ಸರಿಯೇ.

ಕತ್ತರಿಸಿಯೇ ಮಾಡಿ ಎಂದೆ. ಎಡಗಡೆಯನ್ನು ಮೊದಲು ತೆಗೆದುಕೊಂಡರು. ಬ್ಯಾಟರಿ ಬಿಚ್ಚಿ, ಸೀಟು, ಮ್ಯಾಟು, ನಾರಿನ ಹಾಸು ಎಲ್ಲ ಹೊರಗೆ ಹಾಕಿ, ಬಾಗಿಲಿನ ಎರಡು ಕಂಬಗಳ ನಡುವೆ ಕಬ್ಬಿಣದ ಆ್ಯಂಗಲ್‌ಗಳನ್ನು ಅಡ್ಡಲಾಗಿ ವೆಲ್ಡ್ ಮಾಡಿದರು. ಹಳೆ ಮನೆಯ ತೊಲೆ ಬದಲಿಸುವ ಮೊದಲು ಮಾಡಿಗೆ ಆಸರೆ ಕೊಡುವ ಹಾಗೆ. ಹಾಗೆ ಮಾಡದೆ ರನ್ನಿಂಗ್ ಬೋರ್ಡು ಕತ್ತರಿಸಿದರೆ ಇಡೀ ಬಾಡಿ ನಡುವಿನಲ್ಲಿ ತುಸು ಕುಸಿಯುತ್ತದೆ, ಆಮೇಲೆ ಯಾವ ಬಾಗಿಲೂ ಕೂರುವುದಿಲ್ಲ. ಗ್ರೈಂಡರಿನಿಂದ ಹೊರ ತಗಡನ್ನು ಸೀಳಿದಾಗ ಒಳಗಿಂದ ಇಟ್ಟಿಗೆ ಬಣ್ಣದ ಪದರಗಳು ಬುಟ್ಟಿಗಟ್ಟಲೆ ಸುರಿದವು. ಅದರ ನಡುವೆ ಹಿಂದೊಮ್ಮೆ ಯಾರೋ ಒಳಗಿಟ್ಟು ಮುಚ್ಚಿದ ಒಂದು ತೇಪೆ ಸಿಕ್ಕಿತು. ಕೊಳೆತ ತಗಡಿನ ಮೇಲೆಯೇ ಹೊಸ ತಗಡು ಹೊದಿಸಿ ಬೆಸೆದದ್ದು. ಎರಡರ ಸಂದಿನಲ್ಲಿ ನೀರು ನಿಂತು, ಹಳೆಯದರ ಜೊತೆಗೆ ಹೊಸದನ್ನೂ ತಿಂದಿತ್ತು.

ಎಲ್ಲಿಯವರೆಗೆ ಕತ್ತರಿಸಬೇಕು? ಇಡೀ ಕೆಲಸದಲ್ಲಿ ಇದಕ್ಕಿಂತ ಕಷ್ಟದ ತೀರ್ಮಾನ ಇನ್ನೊಂದಿಲ್ಲ. ವೈರ್ ಬ್ರಷ್ ಹಾಕಿದಾಗ ಬೆಳ್ಳಗೆ ಹೊಳೆದ ತಗಡು ಗಟ್ಟಿ, ಕಪ್ಪು ಚುಕ್ಕಿಗಳ ಗುಳಿ ಬಿದ್ದದ್ದು ಅನುಮಾನ. ಕಡಿಮೆ ಕತ್ತರಿಸಿದರೆ ವೆಲ್ಡಿಂಗಿನ ಬಿಸಿಗೆ ಆ ತೆಳು ಅಂಚು ಸುಟ್ಟು ತೂತು ಬೀಳುತ್ತದೆ, ಉಳಿದ ತುಕ್ಕು ಮತ್ತೆ ಹರಡುತ್ತದೆ. ಹೆಚ್ಚು ಕತ್ತರಿಸಿದರೆ 1972ರಲ್ಲಿ ಉತ್ತರಪಾರಾದಿಂದ ಬಂದ ಕಾರು ಅಷ್ಟಷ್ಟೇ ಕಡಿಮೆಯಾಗುತ್ತ ಹೋಗುತ್ತದೆ. ಮೇಸ್ತ್ರಿ ಗಟ್ಟಿ ಕಂಡ ಜಾಗದಿಂದ ಮತ್ತೆರಡು ಬೆರಳು ಒಳಕ್ಕೆ ಗೆರೆ ಎಳೆದರು. ಆ ಎರಡು ಬೆರಳು ಒಳ್ಳೆಯ ಕಬ್ಬಿಣ. ಅದನ್ನು ಬಿಟ್ಟುಕೊಡುವಾಗ ನನಗೆ ಹೊಟ್ಟೆ ಹಿಂಡಿತು ನಿಜ, ಆದರೆ ಹೊಸದು ಹಿಡಿದುಕೊಳ್ಳಲು ಗಟ್ಟಿಯಾದದ್ದೇ ಬೇಕಲ್ಲ.

ರಟ್ಟಿನಲ್ಲಿ ಅಚ್ಚು ಕತ್ತರಿಸಿ, ಅದರಂತೆ 18 ಗೇಜಿನ ಶೀಟು ಮಡಿಸಿ, ಡಾಲಿ ಒತ್ತಿ ಹಿಡಿದು ಸುತ್ತಿಗೆಯಲ್ಲಿ ಬಾಗಿಸಿ, ಹಳೆಯ ಕಂಬದ ತಿರುವಿಗೆ ಕೂಡುವ ತನಕ ಇಟ್ಟು ನೋಡಿ ತೆಗೆದು ಮತ್ತೆ ಬಡಿದು… ಇದನ್ನು ಪೂರ್ತಿ ವಿವರಿಸಲು ನನಗೆ ಮಾತು ಸಾಲದು. ಬೆಸುಗೆಯನ್ನು ಒಂದೇ ಕಡೆಯಿಂದ ಎಳೆದುಕೊಂಡು ಹೋಗುವುದಿಲ್ಲ. ಇಲ್ಲೊಂದು ಟ್ಯಾಕ್, ಆ ತುದಿಗೊಂದು, ನಡುವೆ ಒಂದು. ತಗಡು ಆರುವವರೆಗೆ ಕಾದು ಮತ್ತೊಂದು. ಅವಸರಪಟ್ಟರೆ ಬಿಸಿಗೆ ತಗಡು ಸೊಟ್ಟಗಾಗುತ್ತದೆ. ಪ್ರತಿ ಸುತ್ತಿನ ನಂತರ ಬಾಗಿಲು ತೂಗುಹಾಕಿ, ಮುಚ್ಚಿ, ಸಂದಿಯನ್ನು ಕಣ್ಣಿನಲ್ಲೇ ಅಳೆದರು.

ಈ ಕಾರಿಗೆ ಈಗ ಐವತ್ತು ದಾಟಿದೆ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ತಂದ ನಿಯಮದ ಪ್ರಕಾರ ಇಂಥ ವಾಹನವನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಹೊಸ ನೋಂದಣಿಗೆ 20,000 ರೂಪಾಯಿ, 10 ವರ್ಷದ ಮಾನ್ಯತೆ, ನಂಬರಿನಲ್ಲಿ ವಿಎ ಎಂಬ ಅಕ್ಷರಗಳು. ಷರತ್ತೂ ಇದೆ. ವಾಹನ ಮೂಲರೂಪದಲ್ಲಿರಬೇಕು, ಚಾಸಿಯಲ್ಲೋ ಬಾಡಿಯ ಶೆಲ್ಲಿನಲ್ಲೋ ಎಂಜಿನ್ನಿನಲ್ಲೋ ಮಾರ್ಪಾಟು ಮಾಡಿದ ದೊಡ್ಡ ದುರಸ್ತಿ ಆಗಿರಬಾರದು. ನಿಯಮದ ಆಶಯ ನನಗೆ ಒಪ್ಪಿಗೆಯೇ. ಹಳೆ ನಂಬರಿನ ಹೆಸರಲ್ಲಿ ಹೊಸ ಗಾಡಿ ಕಟ್ಟಿ ಮಾರುವವರನ್ನು ತಡೆಯಲೇಬೇಕು. ಆದರೆ ಬಾಡಿಯೇ ಬೆನ್ನೆಲುಬಾದ ಕಾರಿನಲ್ಲಿ, ಕೊಳೆತ ಎರಡು ಅಡಿ ತಗಡನ್ನು ಅದೇ ಆಕಾರದ ಎರಡು ಅಡಿ ತಗಡಿನಿಂದ ತುಂಬಿದ್ದು ಮಾರ್ಪಾಟೋ, ಉಳಿಸಿಕೊಂಡದ್ದೋ? ಮುಟ್ಟದೆ ಬಿಟ್ಟರೆ ಮೂಲರೂಪವೂ ಉಳಿಯುವುದಿಲ್ಲ, ಕಾರೂ ಉಳಿಯುವುದಿಲ್ಲ. 2023ರಲ್ಲಿ ಶ್ರೀರಂಗಪಟ್ಟಣದ ಬಳಿ ತೆರೆದ ಪಯಣ ವಸ್ತುಸಂಗ್ರಹಾಲಯದಲ್ಲಿ ಡಾ. ವೀರೇಂದ್ರ ಹೆಗ್ಗಡೆಯವರು ಕೂಡಿಸಿದ ಹಳೆಯ ಕಾರುಗಳಿವೆ. ಅಂಥ ಕಡೆ ಸೂರಿನಡಿ, ಒಣ ನೆಲದ ಮೇಲೆ ನಿಂತ ಕಾರನ್ನು ಕಾಯುವ ದಾರಿ ಬೇರೆ. ಊರೂರು ತಿರುಗಿ ಗೊಬ್ಬರ ಹೊತ್ತ ಕಾರಿನ ದಾರಿ ಬೇರೆ.

ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫಿವಾ ಒಪ್ಪಿಕೊಂಡಿರುವ ಟ್ಯೂರಿನ್ ಸನ್ನದು ಈ ವಿಷಯದಲ್ಲಿ ಹೆಚ್ಚು ಬಿಚ್ಚುಮನಸ್ಸಿನದು. ಬದಲಿಸುವುದಕ್ಕಿಂತ ಇದ್ದದ್ದನ್ನು ಕಾಯುವುದಕ್ಕೆ ಅದು ಮೊದಲ ಮಣೆ ಹಾಕುತ್ತದೆ. ಬದಲಿಸಲೇಬೇಕಾದಾಗ ಏನು ಮಾಡಿದೆವೆಂದು ದಾಖಲಿಸಿ, ಹೊಸ ಭಾಗವನ್ನು ಗುರುತು ಸಿಗುವಂತೆ ಇಡಿ ಎನ್ನುತ್ತದೆ. ನನ್ನ ಯೋಚನೆ ಬಂದು ನಿಂತದ್ದೂ ಇಲ್ಲೇ. ಎಷ್ಟು ತಗಡು ಬದಲಾಯಿತು ಎನ್ನುವ ಲೆಕ್ಕದಿಂದ ಒಂದು ಕಾರು ಹಳೆಯದಾಗಿ ಉಳಿಯಿತೋ ಇಲ್ಲವೋ ತೀರ್ಮಾನವಾಗದು. ಬದಲಾದದ್ದನ್ನು ಮುಚ್ಚಿಟ್ಟೆವೋ ತೋರಿಸಿದೆವೋ ಎಂಬುದರಿಂದ ಆಗುತ್ತದೆ. ತೇಪೆಯನ್ನು ತೇಪೆಯೆಂದು ಹೇಳಿಕೊಳ್ಳುವ ಕಾರು ತನ್ನ ಆಯುಷ್ಯದ ಲೆಕ್ಕವನ್ನು ಸರಿಯಾಗಿ ಒಪ್ಪಿಸುತ್ತದೆ. ತೇಪೆಯೇ ಇಲ್ಲವೆಂಬಂತೆ ಹೊಳೆಯುವ ಕಾರು, ಅದರೊಳಗಿನ ಕೆಲಸ ಎಷ್ಟೇ ಅಚ್ಚುಕಟ್ಟಾಗಿರಲಿ, ಮುಂದಿನ ಮೇಸ್ತ್ರಿಯನ್ನು ಕತ್ತಲಲ್ಲಿ ನಿಲ್ಲಿಸುತ್ತದೆ.

ಹೊರಗೆ ಬೆಸುಗೆಯ ಸಾಲನ್ನು ಉಜ್ಜಿ ಸಮ ಮಾಡಿದೆವು, ಅದು ಕಾರಿನ ಅಂದಕ್ಕೆ ಬೇಕು. ಒಳಮೈಯಲ್ಲಿ ಉಜ್ಜಬೇಡಿ ಎಂದು ಮೇಸ್ತ್ರಿಯನ್ನು ಕೇಳಿಕೊಂಡೆ. ಅವರಿಗೆ ಮೊದಲು ಇದು ಹಿಡಿಸಲಿಲ್ಲ. “ನೋಡಿದೋರು ಏನಂತಾರೆ ಸಾರ್, ಕೆಲಸ ಅರ್ಧಕ್ಕೆ ಬಿಟ್ಟಾನೆ ಅಂತಾರೆ.” ಒಳಗೆ ನೋಡುವವರು ಮುಂದೊಂದು ದಿನ ಇದನ್ನು ಮತ್ತೆ ಬಿಚ್ಚುವ ನಿಮ್ಮಂಥವರೇ ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ರೆಡ್ ಆಕ್ಸೈಡ್ ಹೊಡೆಯುವ ಮುಂಚೆ ಹೊಸ ಶೀಟಿನ ಒಳಗಡೆ ಪಂಚಿನಿಂದ ಇಸವಿ ಒತ್ತಿದರು. ಟೊಳ್ಳಿನೊಳಗೆ ಮೇಣ ಬೆರೆಸಿದ ಎಣ್ಣೆ ಹಾಯಿಸಿ, ನೀರುಗಂಡಿಗಳಲ್ಲಿ ತಂತಿ ಆಡಿಸಿ ತೆರೆದಿರುವುದನ್ನು ನೋಡಿಕೊಂಡರು. ಪ್ರತಿ ಹಂತದ ಫೋಟೋಗಳನ್ನು ಅಚ್ಚು ಹಾಕಿಸಿ ಆರ್‌ಸಿ ಪುಸ್ತಕದ ಜೊತೆ ಇಟ್ಟಿದ್ದೇನೆ. ವಿಂಟೇಜ್ ಅರ್ಜಿ ಹಾಕಿದರೆ ಅವೂ ಅದರ ಜೊತೆ ಹೋಗುತ್ತವೆ. ಕತ್ತರಿಸಿದ ಜಾಗ ನೋಡಿ ಅಧಿಕಾರಿ ಅರ್ಜಿ ತಿರಸ್ಕರಿಸಿದರೆ ಹಳೆಯ ನಂಬರಿನಲ್ಲೇ ಓಡಿಸುತ್ತೇನೆ, ಫೋಟೋ ಮಾತ್ರ ಬಚ್ಚಿಡುವುದಿಲ್ಲ.

ಬಲಗಡೆಯ ಕೆಲಸ ಇನ್ನು ಶುರುವಾಗಬೇಕು. ಅಲ್ಲಿ ಡ್ರೈವರ್ ಬಾಗಿಲಿನ ಕೆಳಗಿನ ನಾಲ್ಕು ಬೆರಳಗಲ ಹೋಗಿದೆ, ಉಳಿದದ್ದೆಲ್ಲ ಗಟ್ಟಿ. ದಾವಣಗೆರೆಯ ಗುಜರಿಯಲ್ಲಿ ಆಮೇಲಿನ ಕಾಲದ ಅಂಬಾಸಿಡರಿನ ಒಂದು ಇಡೀ ಬಾಗಿಲು ಸಿಕ್ಕಿದೆ. ಅದನ್ನೇ ತೂಗುಹಾಕಿದರೆ ಕೂಲಿ ಅರ್ಧಕ್ಕರ್ಧ ಉಳಿಯುತ್ತದೆ, ಮೇಸ್ತ್ರಿಯ ಸಲಹೆಯೂ ಅದೇ ಆಗಿತ್ತು. ಮೊನ್ನೆ ಮಾತಾಡಿ ಬೇರೆ ತೀರ್ಮಾನಕ್ಕೆ ಬಂದೆವು: ಗುಜರಿ ಬಾಗಿಲಿನ ಕೆಳ ಅಂಚನ್ನಷ್ಟೇ ಕತ್ತರಿಸಿ ನಮ್ಮ ಬಾಗಿಲಿಗೆ ಬೆಸೆಯುವುದು. ಕಾರ್ಖಾನೆಯ ಮಡಿಕೆ, ನೀರುಗಂಡಿ ಎರಡೂ ಅದರಲ್ಲಿ ಕೆಡದೆ ಹಾಗೇ ಇವೆ. ಮಳೆ ನಿಂತು ಶೆಡ್ಡಿನ ನೆಲ ಒಣಗಿದ ಮೇಲೆ ಕೆಲಸ ಹಿಡಿಯುತ್ತಾರಂತೆ.